ಹಳದಿಗೆ ತಿರುಗಿದ ಬಾಟಲಿ

ಜನವರಿ 10

ಇವತ್ತಿನ ಸಭೆಯಲ್ಲಿ ಪ್ರೊಫೆಸರ್ ನನ್ನನ್ನು ಹೊಗಳಿದರು. "ಈ ಪ್ರಯೋಗ ಕೈಗೂಡಿದ್ದಕ್ಕೆ ಬುದ್ಧಿವಂತಿಕೆಗಿಂತ ಶಿಸ್ತೇ ಕಾರಣ. ಒಂದು ದಿನವೂ ತಪ್ಪದೆ, ದಿನಾ ಹೊಸದಾಗಿ ವಿಟಮಿನ್ ಸಿ ಕಲಸಿ ಹಾಕಿದಾರೆ. ಇವರನ್ನ ನೋಡಿ ಕಲೀರಿ" ಅಂದರು. ಚಪ್ಪಾಳೆ ಬಿತ್ತು. ನಾನು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದವರಿಗೆ ಅದು ವಿನಯದ ಹಾಗೆ ಕಂಡಿರಬೇಕು.

ಲೇಖನ ಕಳೆದ ತಿಂಗಳು ಅಚ್ಚಾಗಿದೆ. ಮುಂದಿನ ಹಂತವನ್ನು ಇರುವೆಗೆ ಒಪ್ಪಿಸಿದ್ದಾರೆ. ಇರುವೆ ಹೋದ ವರ್ಷ ಸೇರಿದ ಸಂಶೋಧಕಿ. ಇನ್ನೂ ಮೂವತ್ತು ತುಂಬಿಲ್ಲ. ಗಿಡ್ಡಕ್ಕಿದ್ದಾಳೆ, ಯಾವಾಗಲೂ ಏನಾದರೊಂದನ್ನು ಹೊತ್ತುಕೊಂಡು ಗೋಡೆಯ ಪಕ್ಕದಲ್ಲೇ ಸರಸರ ನಡೆಯುತ್ತಾಳೆ, ಅದಕ್ಕೇ ಆ ಅಡ್ಡಹೆಸರು. ಕರೆದರೆ ನಗುತ್ತಾಳೆ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಅಕ್ಕ, ನೀವು ಬರೆದಿರೋ ಹಾಗೇ, ಒಂದಕ್ಷರ ಬಿಡದೆ ಮಾಡ್ತೀನಿ" ಅಂದಳು.

"ಮಾಡು ಮಾಡು" ಅಂದೆ.

ಜನವರಿ 12

ಮಾವ ಬೆಳಿಗ್ಗೆ ಪಕ್ಕದ ಮನೆಯವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, "ನಮ್ಮ ಸೊಸೆ ಮುದಿ ಸೆಲ್ಲುಗಳನ್ನ ಮತ್ತೆ ಮಗು ಮಾಡ್ತಾಳೆ" ಅಂತ ಹೇಳುತ್ತಿದ್ದರು. ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದವರು. ಈಗ ಎಪ್ಪತ್ತೆಂಟು. ನಮ್ಮ ಯಜಮಾನರು ರೈಲು ಓಡಿಸುವ ಕೆಲಸದಲ್ಲಿ ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುವುದಿಲ್ಲವಾದ್ದರಿಂದ ಸಂಜೆಯ ಮಾತಿಗೆ ನನಗೆ ಮಾವ, ಮಾವನಿಗೆ ನಾನು.

ಸಂಜೆ ಸರಿಯಾಗಿ ವಿವರಿಸು ಅಂದರು. ಹೇಳಿದೆ. ಚರ್ಮದ ಕೋಶ ಚರ್ಮವಾಗಿಯೇ ಇರುತ್ತದೆ, ಏಕೆಂದರೆ 'ನೀನು ಚರ್ಮ' ಎನ್ನುವ ಗುರುತುಗಳು ಅದರೊಳಗೆ ಅಂಟಿಕೊಂಡಿವೆ. ನಾಲ್ಕು ಜೀನುಗಳನ್ನು ಒಳಗೆ ಕಳಿಸಿ ಆ ಗುರುತುಗಳನ್ನು ಅಳಿಸಿದರೆ ಅದು ಆಕರಕೋಶವಾಗುತ್ತದೆ. ಹುಟ್ಟುವ ಮೊದಲಿನ ಸ್ಥಿತಿ ಅದು. ಅಲ್ಲಿಂದ ಕಣ್ಣೋ ಹೃದಯವೋ ಏನು ಬೇಕಾದರೂ ಆಗಬಹುದು. ಅಳಿಸುವ ಕೆಲಸಕ್ಕೆ ವಿಟಮಿನ್ ಸಿ ಕೈಜೋಡಿಸುತ್ತದೆ. ಆದರೆ ಬೆಚ್ಚಗಿನ ದ್ರವದಲ್ಲಿ ಅದು ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಬಾಟಲಿಯಲ್ಲಿಟ್ಟರೂ ದಿನ ಕಳೆದಂತೆ ಕೆಡುತ್ತಾ ಹೋಗುತ್ತದೆ. ಅದಕ್ಕೇ ದಿನಾ ಹೊಸದು.

"ಗೊತ್ತು ಬಿಡು" ಅಂದರು ಮಾವ. "ಅಂಗಡೀಲಿ ಆ ಮಾತ್ರೆ ಬಣ್ಣ ತಿರುಗಿತು ಅಂದ್ರೆ ನಾನು ಡಬ್ಬಿ ಸಮೇತ ಎಸೀತಿದ್ದೆ. ಮಾಲೀಕರು ಕಣ್ಣು ಕೆಂಪು ಮಾಡ್ತಿದ್ರು. ಬಣ್ಣ ತಿರುಗಿದ್ದನ್ನ ಯಾರಿಗೂ ಕೊಟ್ಟವನಲ್ಲ ನಾನು."

ಅಡುಗೆ ನೋಡುವ ನೆಪ ಮಾಡಿ ಎದ್ದುಬಂದೆ.

ಫೆಬ್ರವರಿ 2

ಇರುವೆಯ ತಟ್ಟೆಗಳಲ್ಲಿ ಒಂಬತ್ತು ಕಾಲೊನಿ, ಅಂದರೆ ಆಕರಕೋಶಗಳ ಒಂಬತ್ತೇ ಗುಂಪು. ಲೇಖನದಲ್ಲಿ ನಾವು ಬರೆದಿರುವುದು ನೂರನಲವತ್ತು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಅಕ್ಕ, ಎಲ್ಲೋ ಎಡವಿದೀನಿ" ಅಂದಳು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ನೀರು ಬದಲಾಯಿಸು, ಇನ್‌ಕ್ಯುಬೇಟರ್ ಬದಲಾಯಿಸು, ಕೈಗವಸು ಬದಲಾಯಿಸು.

ನಾನೂ ಒಂದು ಸಲಹೆ ಕೊಟ್ಟೆ: ಇನ್ನೊಂದು ಸಲ ಮಾಡು.

ಫೆಬ್ರವರಿ 3

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಹೋದ ವರ್ಷ ನಾನು ದಿನಾ ಹೊಸದಾಗಿ ಕಲಸಲಿಲ್ಲ. ಮೊದಲ ದಿನ ಒಂದು ದೊಡ್ಡ ಬಾಟಲಿ ಮಾಡಿಟ್ಟುಕೊಂಡು ಹನ್ನೆರಡು ದಿನವೂ ಅದರಿಂದಲೇ ಹಾಕಿದೆ. ಮೂರು ಸಲ ಪ್ರಯೋಗ ಮಾಡಿದೆ, ಮೂರು ಸಲವೂ ಹೀಗೆಯೇ. ಮೂರನೇ ದಿನಕ್ಕೆ ಬಾಟಲಿ ತಿಳಿಹಳದಿ, ಎಂಟನೇ ದಿನಕ್ಕೆ ಗಾಢ ಹಳದಿ. ನನ್ನ ಕಣ್ಣಿಗೆ ಅದು ಕಂಡಿತ್ತು. ಕಂಡಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳಲೂ ಆಗುವುದಿಲ್ಲ.

ಕಾರಣ ಕೇಳಿದರೆ ನಗು ಬರಬೇಕು. ಪುಡಿ ತೂಗುವ ಸೂಕ್ಷ್ಮ ತಕ್ಕಡಿ ಇರುವುದು ಪಕ್ಕದ ಕೋಣೆಯಲ್ಲಿ. ಅದನ್ನು ನೋಡಿಕೊಳ್ಳುವವರನ್ನು ಎಲ್ಲರೂ ತಕ್ಕಡಿ ಮೇಷ್ಟ್ರು ಅನ್ನುತ್ತಾರೆ. ಒಂದು ದಿನ ನಾನು ತಕ್ಕಡಿಯ ತಟ್ಟೆಯ ಮೇಲೆ ಪುಡಿ ಚೆಲ್ಲಿದ್ದಕ್ಕೆ ಇಬ್ಬರು ಹೊರಗಿನವರ ಎದುರೇ, "ಇಷ್ಟು ವರ್ಷ ಸರ್ವಿಸಾಗಿದೆ, ತೂಗಕ್ಕೆ ಬರಲ್ವಾ?" ಅಂದರು. ಮೈಯೆಲ್ಲ ಉರಿದುಹೋಯಿತು. ಇನ್ನು ಈ ಮನುಷ್ಯನ ಮುಖ ದಿನಾ ನೋಡಲಾರೆ ಅಂದುಕೊಂಡೆ. ಸುಮ್ಮನೆ ಒಂದು ಜಂಭ, ಅಷ್ಟೇ. ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ನನಗೂ ಯಾವ ಕಷ್ಟ ಇರಲಿಲ್ಲ.

ಕಾಲೊನಿಗಳು ಬಂದವು. ತಟ್ಟೆ ತುಂಬ ಬಂದವು. ಲೇಖನ ಬರೆಯುವಾಗ ವಿಧಾನದ ಭಾಗದಲ್ಲಿ 'ಪ್ರತಿದಿನ ಹೊಸದಾಗಿ ತಯಾರಿಸಿದ' ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ.

ಫೆಬ್ರವರಿ 24

ಎರಡನೇ ಸಲ ಹನ್ನೊಂದು ಕಾಲೊನಿ.

ಪ್ರೊಫೆಸರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು. "ನಿಮ್ಮ ಹತ್ತಿರ ಬಿಟ್ಟು ಇನ್ಯಾರನ್ನ ಕೇಳಲಿ? ಆ ಹುಡುಗಿ ಕೈ ಹೇಗಿದೆ? ನಿಜ ಹೇಳಿ."

ಈ ಒಂದು ಪ್ರಶ್ನೆಗೆ ನನ್ನ ಹತ್ತಿರ ಎರಡು ಉತ್ತರವಿತ್ತು. ಅವಳ ಕೈ ನನ್ನ ಕೈಗಿಂತ ಶುದ್ಧ ಅಂತ ಹೇಳಬಹುದಿತ್ತು. ಆಗ ಮುಂದಿನ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು.

"ಒಳ್ಳೆ ಹುಡುಗಿ ಸರ್. ಸ್ವಲ್ಪ ಆತುರ" ಅಂದೆ.

ಫೆಬ್ರವರಿ 25

ಸ್ವಲ್ಪ ಆತುರ.

ಮಾರ್ಚ್ 16

ಹೋದ ತಿಂಗಳ ಕೊನೆಯಲ್ಲಿ ಯಾರಿಗೂ ಹೇಳದೆ ನಾನೇ ಎರಡು ತಟ್ಟೆ ಶುರು ಮಾಡಿದ್ದೆ, ಕೆಳ ಅಂತಸ್ತಿನ ಹಳೆಯ ಇನ್‌ಕ್ಯುಬೇಟರಿನಲ್ಲಿ. ಒಂದಕ್ಕೆ ದಿನಾ ಹೊಸದು, ಇರುವೆ ಅವತ್ತು ಕಲಸಿದ್ದರಲ್ಲಿ ಉಳಿದದ್ದು. ಇನ್ನೊಂದಕ್ಕೆ ಒಂದೇ ಬಾಟಲಿ. ಮನಸ್ಸಿನಲ್ಲಿ ಒಂದು ಆಸೆ ಇತ್ತು. ಎರಡರಲ್ಲೂ ಒಂದೇ ಥರ ಬರಲಿ, ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ ಅಂತಾಗಲಿ, ನಾನು ಹೇಳಿದ್ದು ಲೆಕ್ಕಕ್ಕೆ ಬಾರದ ಸುಳ್ಳಾಗಲಿ.

ಹೊಸದು ಹಾಕಿದ್ದರಲ್ಲಿ ಹದಿಮೂರು. ಬಾಟಲಿಯದರಲ್ಲಿ ನೂರ ಇಪ್ಪತ್ತಾರು. ಮೂರು ಸಲ ಎಣಿಸಿದೆ.

ಅಂದರೆ ಇರುವೆ ಎಲ್ಲೂ ಎಡವಿಲ್ಲ. ನಾನು ಬರೆದದ್ದನ್ನು ಅಕ್ಷರ ಬಿಡದೆ ಮಾಡಿದ್ದಾಳೆ, ಅದಕ್ಕೇ ಬರುತ್ತಿಲ್ಲ. ನಾವು ಕೆಟ್ಟಿತು ಅಂತ ಚೆಲ್ಲುವುದರಲ್ಲೇ, ಒಡೆದುಹೋದ ಆ ಚೂರುಗಳಲ್ಲೇ ಏನೋ ಇದೆ. ಇದು ಗೊತ್ತಿರುವುದು ಜಗತ್ತಿನಲ್ಲಿ ನನಗೊಬ್ಬಳಿಗೆ ಅಂತ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ಆ ಹೆಮ್ಮೆಗೇ ನಾಚಿಕೆಯಾಯಿತು.

ಮಾರ್ಚ್ 17

ತಕ್ಕಡಿ ಕೋಣೆಯಲ್ಲಿ ಒಂದು ದೊಡ್ಡ ಪುಸ್ತಕವಿದೆ. ಯಾರು ಯಾವಾಗ ಏನು ತೂಗಿದರು ಅಂತ ಬರೆದು ಸಹಿ ಹಾಕಬೇಕು. ಹೋದ ವರ್ಷದ ಆ ತಿಂಗಳುಗಳಲ್ಲಿ ನನ್ನ ಸಹಿ ಎಷ್ಟಿರಬೇಕಿತ್ತು? ಮೂವತ್ತಾರು. ಇರುವುದು ಮೂರು. ಇದು ನೆನಪಾದಾಗಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ಊಟದ ಹೊತ್ತಿನಲ್ಲಿ ಕೋಣೆ ಖಾಲಿಯಿದ್ದಾಗ ಕಳ್ಳಬೆಕ್ಕಿನ ಹಾಗೆ ಒಳಗೆ ಹೋದೆ. ಪುಟ ಸಿಕ್ಕಿತು. ಬುಡದಲ್ಲಿ ಎರಡು ಬೆರಳಿನಿಂದ ಹಿಡಿದೂ ಆಗಿತ್ತು. ಆಗ ಹಿಂದಿನಿಂದ, "ಯಾವ ತಾರೀಖು ಬೇಕಿತ್ತು?" ಅಂತ ಕೇಳಿತು. ಮೇಷ್ಟ್ರು, ಕೈಯಲ್ಲಿ ಚಹಾ ಲೋಟ.

"ಏನಿಲ್ಲ, ಸುಮ್ನೆ ನೋಡ್ತಿದ್ದೆ."

"ನೋಡಿ ನೋಡಿ. ಪುಟ ಎಲ್ಲ ಸಡಿಲ ಆಗಿದೆ ಆ ಪುಸ್ತಕದ್ದು. ಕಿತ್ತು ಹೋದ್ರೆ ಅಂತ ಎಲ್ಲದರದ್ದೂ ಫೋಟೊ ತೆಗೆದಿಟ್ಟಿದೀನಿ."

ಮುಖ ನೋಡಿದೆ. ಅದರಲ್ಲಿ ಏನೂ ಕಾಣಲಿಲ್ಲ. ನಾನು ಬಾಗಿಲು ದಾಟುವಾಗ ಅವರೇ ಮತ್ತೆ ಕರೆದರು. "ಅವತ್ತು ನಾನು ಹಾಗೆ ಹೊರಗಿನವರ ಮುಂದೆ ಮಾತಾಡಬಾರದಿತ್ತು. ತುಂಬಾ ದಿನದಿಂದ ಹೇಳ್ಬೇಕು ಅಂತಿದ್ದೆ. ನೀವು ಈ ಕಡೆ ಬರೋದೇ ಬಿಟ್ಟುಬಿಟ್ರಿ."

ಬರುವುದನ್ನೇ ಬಿಟ್ಟದ್ದು ಅವರಿಗೆ ಗೊತ್ತು. ಲೇಖನವನ್ನೂ ಓದಿರುತ್ತಾರೆ. ಇಷ್ಟು ದಿನ ತುಟಿ ಪಿಟಕ್ಕೆನ್ನದ ಆ ಮನುಷ್ಯ ನನ್ನ ಹತ್ತಿರ ಕ್ಷಮೆ ಕೇಳಿದರು. ಅವರ ಪುಸ್ತಕದ ಹಾಳೆ ಹರಿಯಲು ಹೋದ ಇದೇ ಕೈ ಮುಗಿದು, "ಪರವಾಗಿಲ್ಲ ಬಿಡಿ" ಅಂದೆ.

ಮಾರ್ಚ್ 20, ಭಾನುವಾರ

ಇರುವೆ ಮನೆಗೆ ಬಂದಿದ್ದಳು. ಹೇಳಿ ಬಂದಿರಲಿಲ್ಲ. ಮೂರನೇ ಸಲವೂ ಬರಲಿಲ್ಲ, ಈ ತಿಂಗಳ ಕೊನೆಗೆ ಅವಳ ನೇಮಕ ಮುಗಿಸುತ್ತೇವೆ ಅಂತ ಶುಕ್ರವಾರ ಪತ್ರ ಕೊಟ್ಟಿದ್ದಾರೆ. ಪತ್ರದಲ್ಲಿ 'ಕೈಗೆಲಸದ ನಿಖರತೆಯ ಕೊರತೆ' ಅಂತಿದೆ. ಅವಳೇ ಓದಿ ಹೇಳಿದಳು.

ನನ್ನ ಮೇಲೆ ದೂರು ಹೇಳಲು ಬಂದಿದ್ದಾಳೆ ಅಂದುಕೊಂಡಿದ್ದೆ. ತನ್ನ ಟಿಪ್ಪಣಿ ಪುಸ್ತಕ ತಂದಿದ್ದಳು. "ಅಕ್ಕ, ಹೋಗೋ ಮುಂಚೆ ಒಂದು ಸಲ ನೋಡಿ ಕೊಡ್ತೀರಾ? ಎಲ್ಲಿ ತಪ್ಪಿದೀನಿ ಅಂತ ಗೊತ್ತಾದ್ರೆ ಸಾಕು. ಇಲ್ಲಾಂದ್ರೆ ಇನ್ನೊಂದು ಕಡೆ ಹೋಗಿ ಅದೇ ತಪ್ಪು ಮಾಡ್ತೀನಿ."

ಪುಟ ತಿರುಗಿಸಿದೆ. ಒಂದೊಂದು ದಿನದ ತೂಕ, ವೇಳೆ, ಪುಡಿಯ ಡಬ್ಬಿ ತೆರೆದ ತಾರೀಖು. ಭಾನುವಾರಗಳೂ ಇದ್ದವು. ಜ್ವರ ಬಂದ ದಿನ 'ಮುಖಕ್ಕೆ ಎರಡು ಮಾಸ್ಕ್ ಹಾಕಿದ್ದೆ' ಅಂತ ಬರೆದುಕೊಂಡಿದ್ದಾಳೆ.

ಮಾವ ಅವಳಿಗೆ ಚಹಾ ಕೊಟ್ಟು, "ನಮ್ಮ ಸೊಸೆ ಹತ್ತಿರ ಬಂದಿದೀಯ, ಇನ್ನು ಚಿಂತೆ ಬಿಡು" ಅಂದರು.

ಪುಸ್ತಕ ಇಟ್ಟುಕೊಂಡು, "ನೋಡ್ತೀನಿ" ಅಂತ ಹೇಳಿ ಕಳಿಸಿದೆ. ಇವತ್ತೂ ಬಾಯಿ ಬಿಡಲಿಲ್ಲ.

ಮಾರ್ಚ್ 21

ಬೆಳಿಗ್ಗೆ ಮಾವನಿಗೆ ಹೇಳಿಬಿಟ್ಟೆ. ಅವರು ಅಂಗಳದಲ್ಲಿ ಉಗುರು ತೆಗೆದುಕೊಳ್ಳುತ್ತಾ ಕೂತಿದ್ದರು. ನಿಂತುಕೊಂಡೇ ಹೇಳಿದೆ. ಬಾಟಲಿ, ಬಣ್ಣ, ಬರೆದ ಸುಳ್ಳು, ಪ್ರೊಫೆಸರ್ ಹತ್ತಿರ ಆಡಿದ ಮಾತು, ಹಾಳೆ ಹರಿಯಲು ಹೋದದ್ದು. ಉಗುರು ತೆಗೆಯುವುದನ್ನು ಯಾವಾಗ ನಿಲ್ಲಿಸಿದರೋ ಗೊತ್ತಾಗಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಇಲ್ಲವೇ ಸಮಾಧಾನ ಮಾಡುತ್ತಾರೆ ಅಂತ. ಎರಡಕ್ಕೂ ಸಿದ್ಧವಾಗಿದ್ದೆ.

"ಆ ಮಗುಗೆ ಗೊತ್ತಾ?" ಅಂತ ಕೇಳಿದರು.

"ಇಲ್ಲ ಮಾವ."

"ಮತ್ತೆ ನನಗ್ಯಾಕೆ ಮೊದಲು ಹೇಳಿದೆ?"

ಎದ್ದು ಒಳಗೆ ಹೋದರು. ಕೆಲಸಕ್ಕೆ ಹೊರಡುವಾಗ 'ಹುಷಾರು' ಅನ್ನುವುದು ಅವರ ರೂಢಿ. ಇವತ್ತು ಅನ್ನಲಿಲ್ಲ.

ಮಾರ್ಚ್ 22

ಹೇಳಿದೆ. ಗಾಜಿನ ಸಾಮಾನು ತೊಳೆಯುವ ಕೋಣೆಯಲ್ಲಿ. ಅಲ್ಲಿ ಯಂತ್ರದ ಸದ್ದಿಗೆ ಹೊರಗೆ ಕೇಳುವುದಿಲ್ಲ. ಅದನ್ನೂ ಲೆಕ್ಕ ಹಾಕಿಯೇ ಆ ಜಾಗ ಆರಿಸಿದ್ದೆ ಅನ್ನುವುದನ್ನೂ ಬರೆದಿಡುತ್ತೇನೆ.

ಅವಳು ಅಳಲಿಲ್ಲ. ಒದ್ದೆ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಕೇಳತೊಡಗಿದಳು. "ಬಾಟಲಿ ಎಲ್ಲಿಟ್ಟಿದ್ರಿ?"

"ಕೆಳಗಿನ ಫ್ರಿಜ್ಜಿನ ಬಾಗಿಲಲ್ಲಿ."

"ಮುಚ್ಚಳ ಬಿಗಿಯಾಗಿತ್ತಾ?"

"ಅರ್ಧ."

"ಬಣ್ಣ ಯಾವತ್ತು ತಿರುಗ್ತು?"

"ಮೂರನೇ ದಿನ."

ಒಂದೊಂದನ್ನೂ ಬರೆದುಕೊಂಡಳು. ಪೆನ್ನಿನ ಕ್ಯಾಪು ಹಾಕಿದ ಮೇಲೆ ನನ್ನನ್ನು ನೋಡಿದಳು. "ಎರಡು ತಿಂಗಳಿಂದ ನನ್ನ ಕೈ ಮೂಸಿ ನೋಡ್ಕೋತಿದ್ದೆ. ಸೋಪು ಗೀಪು ಏನಾದ್ರೂ ಅಂಟಿಕೊಂಡು ಸೆಲ್ಸ್ ಸಾಯ್ತಿದಾವೇನೋ ಅಂತ. ಅಮ್ಮ ಕೇಳೋರು, ಊಟಕ್ಕೆ ಕೂತಾಗಲೂ ಯಾಕೆ ಕೈ ಮೂಸ್ತೀಯ ಅಂತ." ಪುಸ್ತಕ ಮುಚ್ಚಿ, "ಪ್ರೊಫೆಸರ್ ಹತ್ತಿರ ಯಾವಾಗ ಹೋಗ್ತೀರಾ, ಮೇಡಂ?" ಅಂದಳು.

ಮೇಡಂ.

ಮಾರ್ಚ್ 23

ಪ್ರೊಫೆಸರ್ ಪೂರ್ತಿ ಕೇಳಿಸಿಕೊಂಡರು. ಮೊದಲು ಕೇಳಿದ್ದು, "ಇದು ಯಾರ್ಯಾರಿಗೆ ಗೊತ್ತು?" ಆಮೇಲೆ ಕಿಟಕಿಯ ಕಡೆ ತಿರುಗಿ, "ಒಂದು ಸಣ್ಣ ತಿದ್ದುಪಡಿ ಕಳಿಸಿದ್ರೆ ಸಾಕು. 'ಮೊದಲೇ ತಯಾರಿಸಿಟ್ಟ ದ್ರಾವಣ' ಅಂತ. ದೊಡ್ಡದು ಮಾಡೋದು ಬೇಡ" ಅಂದರು. ಕೇಳಿ ನನ್ನ ಎದೆ ಹಗುರಾಯಿತು. ಹೌದು, ಹಗುರಾಯಿತು, ಸುಳ್ಳು ಯಾಕೆ ಬರೆಯಲಿ. ಹಾಗೇ ಆಗಲಿ ಸರ್ ಅನ್ನಲು ಬಾಯಿ ತೆರೆದೂ ಆಗಿತ್ತು.

"ಆ ಹುಡುಗಿಗೆ ಕೊಟ್ಟ ಪತ್ರ ವಾಪಸ್ ತಗೋಬೇಕು ಸರ್. ಅವಳ ಕೈಯಲ್ಲಿ ಆತುರ ಇದೆ ಅಂತ ನಾನು ಹೇಳಿದ್ದು ಸುಳ್ಳು. ಅವಳಿಗೆ ನಿನ್ನೆ ಎಲ್ಲ ಹೇಳಿದೀನಿ" ಅಂತ ಬಂತು ಬಾಯಿಂದ.

ಆಗ ಅವರಿಗೆ ಸಿಟ್ಟು ಬಂತು. ಹನ್ನೊಂದು ವರ್ಷದಲ್ಲಿ ನೋಡದ ಸಿಟ್ಟು. ಅಂದದ್ದನ್ನೆಲ್ಲ ಬರೆಯಲಾರೆ. "ನಿಮ್ಮನ್ನ ತೋರಿಸಿ ಮಕ್ಕಳಿಗೆ ಪಾಠ ಹೇಳ್ದೆನಲ್ರೀ" ಅಂದದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ಏಪ್ರಿಲ್ 14

ಲೇಖನ ಹಿಂದಕ್ಕೆ ಪಡೆದಿದ್ದಾರೆ. ಕಾರಣದ ಜಾಗದಲ್ಲಿ ನನ್ನ ಹೆಸರಿದೆ. ಎರಡು ವರ್ಷ ಸ್ವತಂತ್ರವಾಗಿ ಯಾವ ಪ್ರಯೋಗವನ್ನೂ ಮಾಡುವಂತಿಲ್ಲ. ಇರುವೆಗೆ ಒಂದು ವರ್ಷ ಮುಂದುವರಿಕೆ ಸಿಕ್ಕಿದೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಲ್ಲಿ ಮೂರು ಕುರ್ಚಿ ಖಾಲಿ ಇರುತ್ತವೆ. ಯಾರೂ ಏನೂ ಅನ್ನುವುದಿಲ್ಲ. ತಟ್ಟೆ ಹಿಡಿದುಕೊಂಡು ಬಂದವರು ನನ್ನನ್ನು ನೋಡಿ ಇನ್ಯಾರನ್ನೋ ಹುಡುಕುವವರಂತೆ ಅತ್ತ ಹೋಗುತ್ತಾರೆ.

ಯಜಮಾನರು ಮನೆಗೆ ಬಂದಾಗ ಹೇಳಿದೆ. "ಕೆಲಸ ಇದೆ ತಾನೆ?" ಅಂದರು. ಒಳ್ಳೆಯ ಮನುಷ್ಯ. ಅವರಿಗೆ ಅರ್ಥವಾದದ್ದು ಅಷ್ಟು.

ಮಾವ ಈಗ ಬೆಳಿಗ್ಗೆ 'ಹುಷಾರು' ಅನ್ನುತ್ತಾರೆ. ಪಕ್ಕದ ಮನೆಯವರ ಹತ್ತಿರ ನನ್ನ ಮಾತು ಎತ್ತುವುದಿಲ್ಲ.

ಜೂನ್ 6

ಇರುವೆ ಆ ಬಾಟಲಿಯ ಬೆನ್ನು ಹತ್ತಿದ್ದಾಳೆ. ಅವಳಿಗೆ ದಿನಾ ಬೇರೆ ಬೇರೆ ವಯಸ್ಸಿನ ದ್ರಾವಣ ಬೇಕು: ಇವತ್ತಿನದು, ಮೂರು ದಿನದ್ದು, ಆರು ದಿನದ್ದು, ಹನ್ನೆರಡು ದಿನದ್ದು. ತೂಗಿ ಕಲಸಿ ಕೊಡುವ ಕೆಲಸ ನನಗೆ ಹಾಕಿದ್ದಾರೆ. ನಾನು ತೂಗುವಾಗ ಅವಳು ಪಕ್ಕದಲ್ಲಿ ನಿಂತು ನೋಡುತ್ತಾಳೆ. ಮೊದಲ ದಿನ ಚಮಚ ಜಾರಿತು. ಅವಳೂ ನಗಲಿಲ್ಲ, ಮೇಷ್ಟ್ರೂ ಏನೂ ಅನ್ನಲಿಲ್ಲ.

ನೋಡುವುದು ಸರಿಯೇ. ಅವಳ ಜಾಗದಲ್ಲಿ ನಾನಿದ್ದರೂ ನೋಡುತ್ತಿದ್ದೆ.

ಜುಲೈ 28

ಇವತ್ತು ಅವಳು ತಟ್ಟೆಗಳನ್ನು ಸಾಲಾಗಿ ಇಟ್ಟು ನನ್ನನ್ನೂ ಕರೆದಳು. ಪೂರ್ತಿ ಹೊಸದರಲ್ಲಿ ಹತ್ತು ಹನ್ನೆರಡು. ಪೂರ್ತಿ ಹಳಸಿದ್ದರಲ್ಲಿ ಒಂದೂ ಇಲ್ಲ. ಮೊದಲ ಐದು ದಿನ ಹೊಸದು ಹಾಕಿ ಆಮೇಲೆ ಹಳದಿ ಹಾಕಿದ್ದರಲ್ಲಿ ತಟ್ಟೆ ತುಂಬ. "ಗುರುತು ಅಳಿಸೋವರೆಗೆ ತಾಜಾ ಬೇಕು. ಅಳಿಸಿದ ಮೇಲೆ ಇವಕ್ಕೆ ಒಡೆದದ್ದೇ ಬೇಕು ಅನ್ಸುತ್ತೆ" ಅಂದಳು. "ಚೂರುಗಳಲ್ಲಿ ಯಾವುದು ಅಂತ ಗೊತ್ತಿಲ್ಲ. ನಾಲ್ಕೈದು ಇವೆ. ಒಂದೊಂದನ್ನೇ ಹಾಕಿ ನೋಡ್ಬೇಕು. ನಾನು ತಪ್ಪೂ ಇರಬಹುದು."

ನನ್ನ ಬಾಟಲಿ ಕೋಶಗಳ ಜೊತೆಜೊತೆಗೇ ಹಳತಾಗುತ್ತಾ ಹೋಗಿತ್ತು, ಅದಕ್ಕೇ ಬಂದಿತ್ತು. ನಾನು ಇದನ್ನು ಒಂದು ವರ್ಷ ಮೊದಲೇ ನೋಡಬಹುದಿತ್ತು. ಬಾಟಲಿ ನನ್ನ ಕೈಯಲ್ಲೇ ಇತ್ತು. ಬಣ್ಣ ಬಚ್ಚಿಡುವುದರಲ್ಲಿ ಬಣ್ಣ ನೋಡುವುದೇ ಬಿಟ್ಟುಹೋಯಿತು.

ಬಂದು ಮಾವನಿಗೆ ಹೇಳಿದೆ. "ನಾನು ಎಷ್ಟು ಡಬ್ಬಿ ಎಸೆದೆನೋ" ಅಂದರು. ಎಷ್ಟೋ ತಿಂಗಳ ಮೇಲೆ ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 11

ಕಾಲು ನೋವು. ಸಮ್ಮೇಳನಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಬಾರದಿತ್ತು. ಬೇರೆ ಬೇರೆ ಪ್ರಯೋಗಾಲಯಗಳಿಂದ ನೂರೈವತ್ತು ಜನ ಬಂದಿದ್ದರು. ಸಭಾಂಗಣದ ಕುರ್ಚಿಗಳು ಕಿರ್‍ರೆನ್ನುತ್ತಿದ್ದವು, ಚಹಾ ತಣ್ಣಗಾಗಿತ್ತು. ನಾನು ಗೋಡೆಯ ಪಕ್ಕದ ಸಾಲಿನಲ್ಲಿ ಕೂತಿದ್ದೆ. ಇರುವೆ ಚೆನ್ನಾಗಿ ಮಾತಾಡಿದಳು. ವೇದಿಕೆಗೆ ಹತ್ತಿದಾಗ ಗಿಡ್ಡ ಅಂತಲೇ ಅನ್ನಿಸುವುದಿಲ್ಲ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಬಿಳಿಗಡ್ಡದವರೊಬ್ಬರು ಎದ್ದು ಕೇಳಿದರು: "ದಿನಾ ಹೊಸದು ಹಾಕೋದು ಎಲ್ಲರ ಪದ್ಧತಿ. ಹಳಸಿದ್ದನ್ನ ಹಾಕಿ ನೋಡೋಣ ಅಂತ ನಿಮಗೆ ಹೇಗೆ ಹೊಳೀತು?"

ಅವಳು ಕಾಗದ ತಿರುಗಿಸಿದಳು. "ಅದು ನಮ್ಮ ಲ್ಯಾಬಿನಲ್ಲಿ... ಒಂದು ಆಕಸ್ಮಿಕ" ಅಂದಳು. ನನ್ನ ಕಡೆ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ.

ಮೈಕು ನನ್ನ ಸಾಲಿನ ಕೊನೆಯಲ್ಲಿತ್ತು. ಎದ್ದು ತೆಗೆದುಕೊಂಡೆ. "ಆಕಸ್ಮಿಕ ಅಲ್ಲ. ದಿನಾ ಹೊಸದು ಮಾಡಿದೀನಿ ಅಂತ ನಾನು ಸುಳ್ಳು ಬರೆದಿದ್ದೆ. ಒಂದೇ ಬಾಟಲಿ ಹನ್ನೆರಡು ದಿನ ಬಳಸಿದ್ದೆ. ಇವರ ಪ್ರಯೋಗ ಮೂರು ಸಲ ಕೆಟ್ಟಿದ್ದು ನನ್ನಿಂದ, ಆ ತಪ್ಪನ್ನ ಇವರ ತಲೆಗೆ ಕಟ್ಟಿದ್ದೂ ನಾನೇ."

ಆ ದರಿದ್ರ ಮೈಕು ಕೆಲಸವೇ ಮಾಡುತ್ತಿರಲಿಲ್ಲ. ಮುಂದಿನ ಎರಡು ಸಾಲಿನವರು ಕತ್ತು ತಿರುಗಿಸಿದರು, ಅಷ್ಟೇ. ಬಿಳಿಗಡ್ಡದವರು ಕಿವಿಗೆ ಕೈ ಕೊಟ್ಟು, "ಕೇಳಿಸ್ಲಿಲ್ಲಮ್ಮ, ಇನ್ನೊಂದು ಸಲ ಜೋರಾಗಿ ಹೇಳ್ತೀಯಾ?" ಅಂದರು.

ಮೈಕನ್ನು ಕುರ್ಚಿಯ ಮೇಲಿಟ್ಟು ಇನ್ನೊಂದು ಸಲ ಹೇಳಿದೆ. ಹಿಂದಿನ ಸಾಲಿನವರಿಗೂ ಕೇಳಿಸಿತು.